ಕಾಡು ತೋರಿಸುವವರು ಯಾರು?

ಮುಂಗಾರು ಕಾಲಿಟ್ಟಿತೆಂದರೆ ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದು ಬಗೆಯ ಜಾಹೀರಾತು ಬರತೊಡಗುತ್ತದೆ. ಮಂಜು ಕವಿದ ಹಸಿರು ಗುಡ್ಡದ ನೆತ್ತಿ, ಅದರ ಮೇಲೆ ಎರಡೂ ಕೈ ಚಾಚಿ ನಿಂತ ರೇನ್‌ಕೋಟಿನ ಯುವಕ, ಕೆಳಗೆ ‘ಮಳೆಕಾಡಿನಲ್ಲಿ ಒಂದು ದಿನ: ಶುಕ್ರವಾರ ರಾತ್ರಿ ಹೊರಟು ಭಾನುವಾರ ಬೆಳಗಿನ ಜಾವ ವಾಪಸ್’ ಎಂಬ ಒಕ್ಕಣೆ, ತಲೆಗಿಷ್ಟು ಎಂಬ ದರ. ಚಿತ್ರದಲ್ಲಿ ಮಳೆಯೇನೋ ಇರುತ್ತದೆ, ಕಾಡು ಇರುವುದಿಲ್ಲ. ಕುದುರೆಮುಖವಾಗಲಿ, ನೇತ್ರಾವತಿ ಶಿಖರವಾಗಲಿ, ಕುಮಾರಪರ್ವತವಾಗಲಿ, ಫೋಟೊದಲ್ಲಿ ಚೆಂದ ಕಾಣುವುದು ಘಟ್ಟದ ನೆತ್ತಿಯ ಹುಲ್ಲುಗಾವಲು. ಕಾಡಿರುವುದು ಆ ಹುಲ್ಲುಗುಡ್ಡಗಳ ಸಂದಿಯಲ್ಲಿ, ನೀರು ಇಳಿದು ಬರುವ ಕಣಿವೆಗಳಲ್ಲಿ, ಅದಕ್ಕೂ ಕೆಳಗೆ ತಪ್ಪಲಿನ ನಿತ್ಯಹರಿದ್ವರ್ಣದ ಕತ್ತಲೆಯಲ್ಲಿ. ಹೋದವರು ಅದರೊಳಗಿಂದಲೇ ಹಾದು ಹೋಗುತ್ತಾರೆ, ನಿಜ. ಆದರೆ ತಲೆ ತಗ್ಗಿಸಿ, ಏದುಸಿರು ಬಿಡುತ್ತ, ‘ಇನ್ನೆಷ್ಟು ದೂರ’ ಎಂದು ಕೇಳುತ್ತ ಹೋಗುತ್ತಾರೆ. ಅವರ ಲೆಕ್ಕದಲ್ಲಿ ಕಾಡೆಂದರೆ ಶಿಖರಕ್ಕೆ ಮೊದಲು ಸಿಗುವ ಅಡ್ಡಿ.

ಮಳೆಕಾಡಿನ ಒಂದು ದಿನದ ನಡಿಗೆಯನ್ನು ನಾವು ಆರಿಸಿಕೊಳ್ಳುವ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಮೊದಲು ಶಿಖರ, ಆಮೇಲೆ ದಿನಾಂಕ, ಆಮೇಲೆ ದರ. ಜೊತೆಗೆ ನಡೆಯುವವನು ಯಾರು, ಯಾವ ಊರಿನವನು, ಅವನಿಗೆ ಏನು ಗೊತ್ತು ಎಂಬ ಪ್ರಶ್ನೆ ಹೆಚ್ಚಿನವರಿಗೆ ಬಸ್ಸು ಹತ್ತುವವರೆಗೂ ಹುಟ್ಟುವುದಿಲ್ಲ. ಸಾವನದುರ್ಗದಂಥ ಬಂಡೆಬೆಟ್ಟಕ್ಕೆ ಈ ಕ್ರಮ ಸಾಕಾದೀತು. ಮಳೆಕಾಡಿಗೆ ಸಾಲದು.

ಏಕೆಂದರೆ ಮಳೆಕಾಡು ತನ್ನಷ್ಟಕ್ಕೆ ತಾನು ಏನನ್ನೂ ತೋರಿಸುವುದಿಲ್ಲ. ಬಂಡೀಪುರದಲ್ಲಿ ಜೀಪಿನಲ್ಲಿ ಕೂತಿದ್ದರೂ ಜಿಂಕೆ ಕಾಣುತ್ತದೆ, ಅದೃಷ್ಟವಿದ್ದರೆ ಆನೆಯೂ ಕಾಣುತ್ತದೆ. ಆಗುಂಬೆಯ ಕಾಡು ಹೊಕ್ಕರೆ ಕಾಣುವುದು ಎಲೆ, ಕಾಂಡ, ಮತ್ತೆ ಎಲೆ. ಮೇಲೆ ಮರಗಳ ನೆತ್ತಿಗಳು ಒಂದಕ್ಕೊಂದು ಕೂಡಿಕೊಂಡು ಬಿಸಿಲನ್ನು ಅಲ್ಲೇ ಹಿಡಿದುಬಿಡುತ್ತವೆ. ನೆಲ ಮುಟ್ಟುವುದು ನೂರರಲ್ಲಿ ಒಂದೆರಡು ಪಾಲು. ಹೂವು, ಹಣ್ಣು, ಮಂಗಟ್ಟೆ ಹಕ್ಕಿ, ಸಿಂಗಳೀಕ ಎಲ್ಲ ಆ ಮೇಲಂತಸ್ತಿನಲ್ಲೇ. ಕೆಳಗಿರುವ ಜೀವಿಗಳು ತೊಗಟೆಯ ಬಣ್ಣ, ತರಗೆಲೆಯ ಬಣ್ಣ ಹೊದ್ದು ಕೂತಿರುತ್ತವೆ. ಹಾರುವ ಓತಿ ಕಣ್ಣಿನ ಎತ್ತರಕ್ಕೇ ಇದ್ದರೂ ಹೊಸಬರಿಗೆ ಕಾಣದು. ಗಂಡು ಓತಿ ಗಂಟಲ ಕೆಳಗಿನ ಹಳದಿ ಚೀಲವನ್ನು ಒಮ್ಮೆ ಮುಂದಕ್ಕೆ ಚಾಚಿ ಒಳಗೆಳೆದುಕೊಳ್ಳುತ್ತದೆ. ಆ ಅರೆಕ್ಷಣದ ಹಳದಿಗಾಗಿ ಯಾವ ಮರವನ್ನು, ಯಾವ ಹೊತ್ತಿನಲ್ಲಿ, ಯಾವ ಕಡೆಯಿಂದ ನೋಡಬೇಕು ಎಂಬುದು ಅಡಿಕೆ ತೋಟದಲ್ಲಿ ಕೊನೆ ಕೊಯ್ದು ಬೆಳೆದವನಿಗೆ ಗೊತ್ತಿರುತ್ತದೆ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಇದು ಹೊಸ ಮಾತೇನಲ್ಲ. ಅಲ್ಲಿ ವಿಜ್ಞಾನಿ ಕರ್ವಾಲೊ ಹಾರುವ ಓತಿಯ ಬೆನ್ನು ಹತ್ತುವುದು ಊರಿನವರು ಉಡಾಳ ಎಂದುಕೊಂಡಿದ್ದ ಮಂದಣ್ಣನ ಕಣ್ಣನ್ನು ನಂಬಿಕೊಂಡು.

ಹೀಗಾಗಿ ಇಪ್ಪತ್ತು ಕಿಲೋಮೀಟರಿನ ನಡಿಗೆ ಮಳೆಕಾಡನ್ನು ನೋಡುವ ಅತ್ಯಂತ ಕೆಟ್ಟ ವಿಧಾನ. ಮುಳ್ಳೋಡಿಯ ಕಡೆಯಿಂದ ಕುದುರೆಮುಖ ಶಿಖರ ಮುಟ್ಟಿ ಬರಲು ಸುಮಾರು ಅಷ್ಟು ನಡೆಯಬೇಕು. ಅದೂ ರಾತ್ರಿಯೆಲ್ಲ ಟೆಂಪೊ ಟ್ರಾವೆಲರಿನಲ್ಲಿ ಕುತ್ತಿಗೆ ವಾಲಿಸಿಕೊಂಡು ಬಂದು, ಹೋಂಸ್ಟೇಯಲ್ಲಿ ಮುಖ ತೊಳೆದು, ಅವಲಕ್ಕಿ ತಿಂದು, ಗಾಳಿಯಲ್ಲಿ ನೀರೇ ತುಂಬಿರುವ ಹವೆಯಲ್ಲಿ, ಮೈ ಬೆವರು ಆರದೆ. ಹುಲ್ಲುಗಾವಲನ್ನು ನೋಡುವ ಆಸೆಯಿದ್ದರೆ ಹೋಗಿ, ಅದರ ಚೆಲುವೇ ಬೇರೆ. ಮಳೆಕಾಡು ನೋಡಬೇಕೆಂದರೆ ಐದಾರು ಕಿಲೋಮೀಟರನ್ನು ಇಡೀ ಹಗಲು ನಡೆಯುವ ದಾರಿ ಹುಡುಕಬೇಕು. ಇಂಥ ನಡಿಗೆಗೆ ಜಾಹೀರಾತಿಲ್ಲ. ‘ಐದಾರು ಕಿಲೋಮೀಟರು, ಶಿಖರವಿಲ್ಲ, ನೋಟವಿಲ್ಲ, ಇಂಬಳ ಬೇಕಾದಷ್ಟು’ ಎಂದು ಬರೆದರೆ ಯಾರು ದುಡ್ಡು ಕೊಟ್ಟಾರು?

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಕಾಲುದಾರಿಯಲ್ಲಿ ಜನ ತೇರಿನ ದಿನದ ರಥಬೀದಿಯಂತೆ ಕಿಕ್ಕಿರಿದು ನಿಂತಿದ್ದ ವಿಡಿಯೊವನ್ನು ಅನೇಕರು ನೋಡಿದ್ದೀರಿ. ಅದು ಪುಷ್ಪಗಿರಿ ವನ್ಯಜೀವಿಧಾಮ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು. ಗದ್ದಲವಾದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಟಿಕೆಟ್ ಇಲ್ಲದ ಚಾರಣಪಥಗಳನ್ನು ಮುಚ್ಚಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಶುರುವಾಯಿತು, ಒಂದು ದಾರಿಗೆ ದಿನಕ್ಕೆ ಹೆಚ್ಚೆಂದರೆ 300 ಮಂದಿ ಎಂಬ ಕಟ್ಟು ಬಂತು. ಕಟ್ಟು ಬೇಕೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ 300 ಎಂಬುದು ಗೇಟಿನಲ್ಲಿ ತಲೆ ಎಣಿಸುವವರ ಲೆಕ್ಕ. ಆ ಮುನ್ನೂರು ಮಂದಿ ಬೆಳಗಿನ ಎರಡು ತಾಸಿನೊಳಗೆ ಒಂದೇ ಕಾಲುದಾರಿಯಲ್ಲಿ ಹೊರಟರೆ ದಾರಿಯ ಪಕ್ಕದ ಕಾಡಿನಲ್ಲಿ ಸಂಜೆಯವರೆಗೂ ಯಾವ ಪ್ರಾಣಿಯೂ ತಲೆಹಾಕುವುದಿಲ್ಲ. ಸರ್ಕಾರದ ಮಿತಿ ದಾರಿಗೆ ಸಂಬಂಧಿಸಿದ್ದು. ಗುಂಪಿನ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ನನ್ನ ಅಳತೆ ಇಷ್ಟೇ: ಮುಂದಿರುವ ಗೈಡು ಪಿಸುಗುಟ್ಟಿದ್ದು ಸಾಲಿನ ಕೊನೆಯವನಿಗೆ ಕೇಳಿಸಬೇಕು. ಅದಕ್ಕಿಂತ ದೊಡ್ಡದು ಮೆರವಣಿಗೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಅನುಭವವಿರುವ ಚಾರಣಿಗರಿಗೆ ಗೈಡು ಕಡ್ಡಾಯ ಎಂಬ ಮಾತೇ ಆಗುವುದಿಲ್ಲ. ‘ಹಿಮಾಲಯ ಹತ್ತಿ ಬಂದಿದ್ದೇವೆ, ಫೋನಿನಲ್ಲಿ ಜಿಪಿಎಸ್ ಇದೆ, ನಕ್ಷೆ ಇಳಿಸಿಕೊಂಡಿದ್ದೇವೆ, ಕಾಡಿಗೆ ಹೋಗಲು ಇನ್ನೊಬ್ಬನ ಕೈ ಹಿಡಿಯಬೇಕೆ’ ಎನ್ನುತ್ತಾರೆ. ಅವರ ಸಿಟ್ಟಿನಲ್ಲಿ ಹುರುಳಿಲ್ಲದಿಲ್ಲ. ಗೈಡು ಎಂಬ ಹೆಸರಿನಲ್ಲಿ ಬಂದು, ಮುಂದೆ ಮುಂದೆ ನಡೆಯುತ್ತ, ಫೋನಿನಲ್ಲಿ ಹಾಡು ಹಾಕಿಕೊಂಡು, ಕೊನೆಗೆ ಫೋಟೊ ತೆಗೆದುಕೊಡುವುದಷ್ಟೇ ಕೆಲಸವೆಂದುಕೊಂಡವರು ಇದ್ದಾರೆ. ಅಂಥವರಿಗೆ ಕೊಡುವ ದುಡ್ಡು ಸುಂಕವೇ ಸರಿ. ಆದರೆ ಆಕ್ಷೇಪದ ಉಳಿದರ್ಧ ಒಪ್ಪುವಂಥದ್ದಲ್ಲ. ಹಿಮಾಲಯದಲ್ಲಿ ಮರದ ಗಡಿ ದಾಟಿದ ಮೇಲೆ ಹೋಗಬೇಕಾದ ಕಣಿವೆ ಕಣ್ಣೆದುರಿಗಿರುತ್ತದೆ. ಇಲ್ಲಿ ಹತ್ತು ಮಾರು ಆಚೆಗೆ ಏನಿದೆ ಎಂಬುದು ಕಾಣುವುದಿಲ್ಲ. ಒಂದು ಮಳೆಗಾಲದಲ್ಲಿ ಕಾಲುದಾರಿ ಮುಚ್ಚಿಹೋಗಿ, ಕಾಟಿಗಳು ನಡೆದ ದಾರಿಯೇ ಅದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ದಾರಿ ತಪ್ಪುವವರು ಸಾಮಾನ್ಯವಾಗಿ ತಪ್ಪುವುದು ದಾರಿ ಇಲ್ಲದ ಕಡೆಯಲ್ಲಲ್ಲ, ಹೀಗೆ ದಾರಿಯಂತೆ ಕಾಣುವ ಕಡೆಯಲ್ಲಿ. ಪುಷ್ಪಗಿರಿಯ ಸುತ್ತಿನಲ್ಲಾದರೆ ಆನೆಯ ಜಾಡೂ ಇದೆ.

ಮತ್ತೆ, ತಪ್ಪಿಸಿಕೊಂಡವರನ್ನು ಹುಡುಕುವವರು ಯಾರು? ರಾತ್ರಿ ಟಾರ್ಚು ಹಿಡಿದು, ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುವವರು ಅರಣ್ಯ ಇಲಾಖೆಯ ವಾಚರುಗಳು ಮತ್ತು ಅದೇ ಊರಿನ ಹುಡುಗರು. ಹಗಲು ಕೆಲವು ನೂರು ರೂಪಾಯಿ ಉಳಿಸಲು ಬೇಡವೆಂದ ಮನುಷ್ಯನನ್ನೇ ರಾತ್ರಿ ಬಿಟ್ಟಿಯಾಗಿ ಕರೆಯಬೇಕಾಗುತ್ತದೆ. ನನ್ನ ಸ್ವಾತಂತ್ರ್ಯದ ಖರ್ಚನ್ನು ಇನ್ನೊಬ್ಬರ ನಿದ್ದೆಯ ಮೇಲೆ ಹಾಕುವ ಹಕ್ಕು ನನಗಿಲ್ಲ. ಕೋಸ್ಟರಿಕದ ಕೊರ್ಕೊವಾಡೊ ರಾಷ್ಟ್ರೀಯ ಉದ್ಯಾನದಲ್ಲಿ 2014ರಿಂದ ಪ್ರಮಾಣಪತ್ರವಿರುವ ಗೈಡಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಅಲ್ಲಿಗೆ ಬರುವವರಲ್ಲೂ ಪಳಗಿದ ಕಾಲಾಳುಗಳು ಕಡಮೆಯೇನಿಲ್ಲ.

ಹಾಗಾದರೆ ಒಳ್ಳೆಯ ಗೈಡನ್ನು ಗುರುತಿಸುವುದು ಹೇಗೆ? ಅವನಿಗೆ ಎಷ್ಟು ಹಕ್ಕಿಗಳ ಇಂಗ್ಲಿಷ್ ಹೆಸರು ಗೊತ್ತು ಎಂಬುದು ನನಗೆ ಮುಖ್ಯವಲ್ಲ. ಬೇಡ ಎನ್ನುವ ಧೈರ್ಯ ಅವನಿಗಿದೆಯೇ, ಆ ಅಧಿಕಾರವನ್ನು ಅವನಿಗೆ ಕೊಟ್ಟಿದ್ದಾರೆಯೇ ಎಂಬುದು ಮುಖ್ಯ. ಕಳಸದ ಕಡೆಯ ಒಂದು ನಡಿಗೆಯಲ್ಲಿ ನಾವು ಹಳ್ಳವೊಂದನ್ನು ದಾಟಬೇಕಿತ್ತು. ನಾವಿದ್ದಲ್ಲಿ ಹನಿ ಮಳೆಯೂ ಇರಲಿಲ್ಲ, ನೀರು ಮೊಣಕಾಲಿಗಿಂತ ಕೆಳಗಿತ್ತು. ನಮ್ಮೊಂದಿಗಿದ್ದ ಐವತ್ತರ ಆಸುಪಾಸಿನ ಗೈಡು ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೀರನ್ನೇ ನೋಡಿದರು. ತರಗೆಲೆಗಳು ಒಂದೊಂದಾಗಿ ಬರುತ್ತಿದ್ದುದು ಹೋಗಿ ಗುಪ್ಪೆಗುಪ್ಪೆಯಾಗಿ ಬರತೊಡಗಿದ್ದವು, ನೀರಿಗೆ ಸ್ವಲ್ಪ ಚಹಾದ ಬಣ್ಣ ಬಂದಿತ್ತು. ಅವರು ಅಂಗೈಯಗಲದ ಒಂದು ಕಲ್ಲನ್ನು ನೀರಿನ ಅಂಚಿಗೆ ಸರಿಯಾಗಿ ಇಟ್ಟು, ಎಲೆಯಡಿಕೆಯ ಚೀಲ ಬಿಚ್ಚಿದರು. ‘ಮೇಲೆ ಹೊಯ್ದಿದೆ ಮಾರಾಯ್ರೆ. ಒಂದು ಕವಳ ಮುಗೀಲಿ, ನೋಡುವ’ ಎಂದರು. ನಮ್ಮಲ್ಲಿ ಇಬ್ಬರು ಗೊಣಗಿದರು; ಬೆಂಗಳೂರಿಂದ ಇಷ್ಟು ದೂರ ಬಂದಿದ್ದೇವೆ, ಪಾದ ನೆನೆಯುವಷ್ಟು ನೀರಿಗೆ ಇಷ್ಟು ಯೋಚನೆಯೆ ಎಂದು. ಕವಳ ಮುಗಿಯುವಷ್ಟರಲ್ಲಿ ಕಲ್ಲು ಕಾಣುತ್ತಿರಲಿಲ್ಲ. ಇನ್ನಷ್ಟು ಹೊತ್ತಿಗೆ ಹಳ್ಳದ ಸದ್ದೇ ಬದಲಾಯಿತು, ಮಾತಾಡಿದ್ದು ಕೇಳದಷ್ಟು. ಆ ದಿನ ದಾಟಲಿಲ್ಲ. ದಾಟದೆ ಉಳಿದ ಹೊತ್ತಿನಲ್ಲಿ ಅವರು ಅದೇ ದಡದಲ್ಲಿ ತೋರಿಸಿದ್ದೇ ಬೇಕಾದಷ್ಟಿತ್ತು: ಏಡಿಯ ಬಿಲ, ನೀರುನಾಯಿ ಕೂತು ಹೋದ ಬಂಡೆ, ಮುರಿದರೆ ಹಾಲು ಬರುವ ಗಿಡ, ಮುಟ್ಟಬಾರದ ಗಿಡ.

ಅವರ ಜಾಗದಲ್ಲಿ ಬೆಂಗಳೂರಿನಿಂದ ಬ್ಯಾಚಿನ ಜೊತೆ ಬಂದ ಇಪ್ಪತ್ಮೂರರ ಟ್ರೆಕ್ ಲೀಡರ್ ಇದ್ದಿದ್ದರೆ? ಅವನೂ ಒಳ್ಳೆಯ ಹುಡುಗನೇ ಇರಬಹುದು. ಪ್ರಥಮ ಚಿಕಿತ್ಸೆ ಅವನಿಗೇ ಚೆನ್ನಾಗಿ ಗೊತ್ತಿರಬಹುದು. ಊರಿನ ಗೈಡುಗಳಲ್ಲಿ ಆ ತರಬೇತಿ ಹೆಚ್ಚಾಗಿ ಇರುವುದಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಅವನ ತಲೆಯ ಮೇಲೆ ಶಿಖರ ಮುಟ್ಟಿಸುವ ಹೊರೆಯಿದೆ, ವಾಪಸಾತಿ ಕೇಳುವ ನಲವತ್ತು ಮಂದಿ ಇದ್ದಾರೆ, ರಾತ್ರಿ ಎಂಟಕ್ಕೆ ಹೊರಡಲೇಬೇಕಾದ ಗಾಡಿಯಿದೆ. ಬೇಡ ಎನ್ನುವುದು ಅವನಿಗೆ ದುಬಾರಿ. ಆದ್ದರಿಂದ ದುಡ್ಡು ಕಟ್ಟುವ ಮೊದಲು ಒಂದು ಫೋನು ಮಾಡಿ ಕೇಳಿ: ನಮ್ಮ ಜೊತೆ ನಡೆಯುವವರು ಯಾವ ಊರಿನವರು, ಒಬ್ಬರಿಗೆ ಎಷ್ಟು ಮಂದಿ, ಎಷ್ಟು ಹೊತ್ತಿಗೆ ಎಲ್ಲಿದ್ದರೂ ತಿರುಗುತ್ತೀರಿ, ಕಳೆದ ಮಳೆಗಾಲದಲ್ಲಿ ಯಾವಾಗ ನಡಿಗೆ ರದ್ದು ಮಾಡಿದಿರಿ, ಆಗ ದುಡ್ಡು ಏನಾಯಿತು. ‘ರದ್ದು ಮಾಡುವ ಪ್ರಶ್ನೆಯೇ ಇಲ್ಲ ಸರ್, ಎಂಥ ಮಳೆಯಲ್ಲೂ ಮುಟ್ಟಿಸ್ತೇವೆ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಂತೆ.

ಹಾವಿನ ವಿಷಯವನ್ನು ಭಯ ಹುಟ್ಟಿಸಲು ಹೇಳುತ್ತಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕನ್ನು ಲೆಕ್ಕಕ್ಕಿಟ್ಟುಕೊಂಡು ತಯಾರಾದದ್ದು. ಮಳೆಕಾಡಿನ ಪೊದೆಗಳಲ್ಲಿ ಎಲೆಯ ನಡುವೆ ಎಲೆಯಾಗಿ ಕೂತಿರುವ ಗುಳಿಮಂಡಲಗಳು ಆ ಪಟ್ಟಿಯಲ್ಲಿಲ್ಲ, ಕಾಳಿಂಗವೂ ಇಲ್ಲ. ಆಸರೆಗೆ ಕೊಂಬೆ ಹಿಡಿಯುವ ಮೊದಲು ಅದನ್ನು ನೋಡು ಎಂದು ಹೇಳಿಕೊಡುವವನೊಬ್ಬ ಮುಂದಿದ್ದರೆ ಈ ವಿವರ ಕೇಳಿಯೂ ನೆಮ್ಮದಿಯಾಗಿ ನಡೆಯಬಹುದು.

ಋತುವಿನ ಆಯ್ಕೆಯಲ್ಲೂ ಊರಿನವನ ಮಾತಿಗೇ ಬೆಲೆ. ಮಳೆಗಾಲದ ಇಂಬಳಕ್ಕೆ ಹೆದರಿ ‘ಡಿಸೆಂಬರಿನಲ್ಲಿ ಹೋಗೋಣ, ತಂಪಾಗಿರುತ್ತೆ, ಒಣಗಿರುತ್ತೆ’ ಎನ್ನುವವರೇ ಹೆಚ್ಚು. ಇಂಬಳ ಕಚ್ಚಿದರೆ ರಕ್ತ ಸುರಿದು ನೋಡುವವರಿಗೆ ಗಾಬರಿಯಾಗುತ್ತದೆ, ಅಷ್ಟೆ. ಹೊಗೆಸೊಪ್ಪಿನ ನೀರೋ ಸುಣ್ಣವೋ ಸಾಕು. ಮಲೆನಾಡಿನವರು ನಿಜವಾಗಿ ಹೆದರುವುದು ಕಣ್ಣಿಗೆ ಬೀಳದ ಉಣ್ಣೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣ್ಣೆಗಳಿಂದ. ಅವುಗಳ ಮರಿಗಳು ತರಗೆಲೆಯಲ್ಲಿ ಚುರುಕಾಗುವುದು ಮಳೆ ನಿಂತ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅಂದರೆ ನಗರದವರು ಹಿತವೆಂದು ಆರಿಸುವ ತಿಂಗಳುಗಳೇ ತೀರ್ಥಹಳ್ಳಿ, ಹೊಸನಗರ, ಸಾಗರ, ಸಿದ್ದಾಪುರದ ಕಡೆ ತರಗೆಲೆ ಗುಡಿಸಲು ಹೆಂಗಸರು ಕಾಡಿಗೆ ಕಾಲಿಡಲು ಅಳುಕುವ ತಿಂಗಳುಗಳು. ಆರೋಗ್ಯ ಇಲಾಖೆಯವರು ಆಗ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಹಂಚುತ್ತಾರೆ. ಬೆಂಗಳೂರಿನ ಯಾವ ಪ್ಯಾಕೇಜಿನ ‘ಏನೇನು ತರಬೇಕು’ ಪಟ್ಟಿಯಲ್ಲೂ ನಾನಿದನ್ನು ಕಂಡಿಲ್ಲ. ಸನ್‌ಸ್ಕ್ರೀನ್ ಮಾತ್ರ ಇರುತ್ತದೆ, ಬಿಸಿಲೇ ಬೀಳದ ಕಾಡಿಗೆ! ಆಯಾ ವರ್ಷ ಯಾವ ಹಕ್ಕಲಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಪತ್ರಿಕೆಗೆ ಬರುವ ಮೊದಲು ಊರಿಗೆ ಗೊತ್ತಿರುತ್ತದೆ.

ಬೇಸಿಗೆಯ ಮಾತು ಚಿಕ್ಕದು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಒಣಗಿದ ಹುಲ್ಲಿಗೆ ಬೆಂಕಿ ಬಿದ್ದರೆ ಅದು ಇಳಿಜಾರಿನಲ್ಲಿ ಮೇಲಕ್ಕೆ ಓಡುವ ವೇಗಕ್ಕೆ ಮನುಷ್ಯ ಸಾಟಿಯಲ್ಲ. ಘಟ್ಟದ ದಾರಿಗಳನ್ನು ಬೇಸಿಗೆಯಲ್ಲಿ ಮುಚ್ಚಿದಾಗ ಇಲಾಖೆಯನ್ನು ಬೈಯುವವರು ಕುರಂಗಣಿಯನ್ನು ನೆನೆಯಬೇಕು.

ಇನ್ನು ದುಡ್ಡಿನ ಪ್ರಶ್ನೆ. ಇದರ ಬಗ್ಗೆ ಚಾರಣಿಗರು ಮಾತಾಡುವುದು ಕಡಮೆ. ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದದ್ದು 1987ರಲ್ಲಿ. ಅದರ ಒಡಲಲ್ಲೇ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2005ರ ಕೊನೆಯಲ್ಲಿ ಅದು ನಿಂತಿತು. ಗಣಿಗಿಂತ ಎಷ್ಟೋ ಮೊದಲಿಂದ ಅಲ್ಲಿರುವ ಮಲೆಕುಡಿಯರಿಗೆ, ಸಣ್ಣ ಗದ್ದೆ ತೋಟದ ಕುಟುಂಬಗಳಿಗೆ ಉದ್ಯಾನದ ಹೊರಗೆ ಹೋಗಿ ಎಂಬ ಒತ್ತಾಯ, ಪುನರ್ವಸತಿಯ ಮಾತುಕತೆ ದಶಕಗಳಿಂದ ನಡೆದೇ ಇದೆ. ಅವರ ಮನೆಗೆ ರಸ್ತೆ ಬೇಕೆಂದರೆ, ಕರೆಂಟು ಬೇಕೆಂದರೆ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅದೇ ಕಾಡಿಗೆ ವಾರಾಂತ್ಯದಲ್ಲಿ ನೂರಾರು ಮಂದಿ ಹೊರಗಿನವರು ಟಿಕೆಟ್ ತೆಗೆದು ಬರುತ್ತಾರೆ. ಈ ವಿಪರ್ಯಾಸವನ್ನು ಒಬ್ಬ ಪ್ರವಾಸಿ ಬಿಡಿಸಲಾರ. ಆದರೆ ತಾನು ಕೊಡುವ ಕೆಲವು ಸಾವಿರದಲ್ಲಿ ಎಷ್ಟು ಪಾಲು ಬೆಂಗಳೂರಿನ ಆಫೀಸಿಗೆ, ಎಷ್ಟು ಬಸ್ಸಿಗೆ, ಎಷ್ಟು ಕಾಡಿನಂಚಿನ ಮನೆಗೆ ಹೋಗುತ್ತದೆ ಎಂದಾದರೂ ಕೇಳಬಲ್ಲ. ರೈಲಿನಲ್ಲೋ ಸರ್ಕಾರಿ ಬಸ್ಸಿನಲ್ಲೋ ಹೋಗಿ, ಒಂದು ರಾತ್ರಿ ಅಲ್ಲೇ ಉಳಿದು, ಅಲ್ಲಿನವರನ್ನೇ ಕರೆದುಕೊಂಡು ನಡೆದರೆ ಖರ್ಚು ಹೆಚ್ಚೇನೂ ಆಗುವುದಿಲ್ಲ, ದುಡ್ಡು ಮಾತ್ರ ಬೇರೆ ಕೈ ಸೇರುತ್ತದೆ. ನಿದ್ದೆಯೂ ಸಿಗುತ್ತದೆ.

ಕೇರಳದ ಪೆರಿಯಾರಿನ ಕತೆ ಇಲ್ಲಿ ನೆನಪಿಡಬೇಕಾದದ್ದು. ಅಲ್ಲಿ ಕಾಡುದಾಲ್ಚಿನ್ನಿಯ ತೊಗಟೆಯನ್ನು ಕದ್ದು ಸುಲಿದು ಮಾರುತ್ತಿದ್ದ ಒಂದು ಗುಂಪು 1990ರ ದಶಕದ ಕೊನೆಯಲ್ಲಿ ಅರಣ್ಯ ಇಲಾಖೆಯೊಂದಿಗೆ ರಾಜಿಗೆ ಬಂತು. ಇಲಾಖೆ ಅವರನ್ನು ಪರಿಸರ ಅಭಿವೃದ್ಧಿ ಸಮಿತಿಯಾಗಿ ಕಟ್ಟಿ, ಪ್ರವಾಸಿಗರನ್ನು ಕಾಡಿನೊಳಗೆ ಕರೆದೊಯ್ಯುವ ಕೆಲಸ ಕೊಟ್ಟಿತು, ಜೊತೆಗೆ ಗಸ್ತಿನ ಹೊಣೆಯನ್ನೂ ಹೊರಿಸಿತು. ಯಾವ ಸದ್ದಿಗೆ ಕಾಡುಪಾಪ ಬೆಚ್ಚುತ್ತದೆ, ಯಾವ ಇಳಿಜಾರಿನಲ್ಲಿ ಗಾರ್ಡುಗಳ ಕಣ್ಣು ತಪ್ಪಿಸಬಹುದು ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು. ತಮಿಳುನಾಡು 2024ರಲ್ಲಿ ‘ಟ್ರೆಕ್ ತಮಿಳುನಾಡು’ ಯೋಜನೆಯಡಿ 40 ದಾರಿಗಳನ್ನು ತೆರೆದಾಗ ಕಾಡಂಚಿನ ಬುಡಕಟ್ಟು ಊರುಗಳ ಯುವಕ ಯುವತಿಯರನ್ನೇ ತರಬೇತಿ ಕೊಟ್ಟು ಗೈಡುಗಳಾಗಿ ತೆಗೆದುಕೊಂಡಿತು.

ಎಲ್ಲ ಕಾಡಿಗೂ ಜನ ಹೋಗಲೇಬೇಕೆಂದು ನಾನು ಹೇಳುತ್ತಿಲ್ಲ. ಸಿದ್ದಾಪುರದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳಿವೆ. ಸದಾ ನೀರು ಜಿನುಗುವ ಕೆಸರಿನಿಂದ ಬೇರುಗಳು ಮಂಡಿ ಮಡಚಿದಂತೆ ಉಸಿರಾಡಲು ಮೇಲೆದ್ದಿರುತ್ತವೆ. ಅಲ್ಲಿ ಇಪ್ಪತ್ತು ಜೊತೆ ಬೂಟು ನಡೆದರೆ ಆ ಬೇರುಗಳ ಗತಿಯೇನು? ಅಂಥ ಕಡೆ ದುಡ್ಡು ಕೊಟ್ಟರೂ ಒಳಗೆ ಬಿಡದೆ, ಅಂಚಿನಲ್ಲಿ ನಿಲ್ಲಿಸಿ ತೋರಿಸಿ ಕಳಿಸುವ ಗೈಡು ನನ್ನ ಪಾಲಿಗೆ ಉತ್ತಮ ಗೈಡು.

‘ಅರಣ್ಯ ವಿಹಾರ’ದಲ್ಲಿ ಟಿಕೆಟ್ ತೆಗೆಯುವಾಗ ನಾವು ಆರಿಸುವುದು ದಾರಿ, ದಿನ, ತಲೆಗಳ ಸಂಖ್ಯೆ. ಅದರ ಪಕ್ಕದಲ್ಲೇ ಆ ದಾರಿಯ ಗೈಡುಗಳ ಹೆಸರು, ಊರು, ಅವರಿಗೆ ಗೊತ್ತಿರುವುದೇನು ಎಂಬ ಎರಡು ಸಾಲು ಹಾಕಲು ಇಲಾಖೆಗೆ ದೊಡ್ಡ ಖರ್ಚಿಲ್ಲ: ಒಬ್ಬರಿಗೆ ಕಪ್ಪೆ, ಒಬ್ಬರಿಗೆ ಜೇನು, ಇನ್ನೊಬ್ಬರಿಗೆ ಔಷಧಿ ಗಿಡ. ಗೈಡಿನ ಕೂಲಿಯನ್ನು ಟಿಕೆಟಿನಿಂದ ಬೇರೆಯಾಗಿ ತೋರಿಸಲಿ, ನಡಿಗೆ ಮಳೆಗೆ ನಿಂತ ದಿನವೂ ಅದು ಅವರ ಕೈ ಸೇರಲಿ. ಬೇಡ ಎಂದದ್ದಕ್ಕೆ ಅಂದಿನ ಅನ್ನ ಹೋಗುತ್ತದೆ ಎನ್ನುವಂತಿದ್ದರೆ ಎಷ್ಟು ದೊಡ್ಡ ಅನುಭವಿಯಾದರೂ ಹಳ್ಳದ ದಡದಲ್ಲಿ ಎಷ್ಟು ಸಲ ಬೇಡ ಎಂದಾರು?